ಕಾಯುವುದನ್ನು ಬಲ್ಲ ಸೂಲಗಿತ್ತಿ

‘ಸೂಲು’ ಎಂದರೆ ಹೆರಿಗೆ. ಹೆರಿಗೆ ಮಾಡಿಸುವವಳು ಸೂಲಗಿತ್ತಿ. ಆದರೆ ‘ಮಾಡಿಸುವವಳು’ ಎಂಬ ಮಾತು ಪೂರ್ತಿ ಸರಿಯಲ್ಲ. ಹೆರುವವಳು ತಾಯಿ, ಸೂಲಗಿತ್ತಿಯ ಕೆಲಸದ ಬಹುಪಾಲು ಪಕ್ಕದಲ್ಲಿ ಕುಳಿತು ಕಾಯುವುದೇ ಆಗಿತ್ತು.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಈ ಕಾಯುವಿಕೆ ಅನಿವಾರ್ಯವೂ ಆಗಿತ್ತು. ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಒಂಟಿ ಮನೆ. ಮಳೆಗಾಲದಲ್ಲಿ ಹಳ್ಳ ಉಕ್ಕಿದರೆ ದಾರಿಯೇ ಇಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡ ಮೇಲೆ ಶರಾವತಿ ಹಿನ್ನೀರಿನ ಆಚೆಯ ತುಮರಿ ಸುತ್ತಿನವರು ಸಾಗರಕ್ಕೆ ಬರಲು ಲಾಂಚನ್ನೇ ನಂಬಬೇಕಾಯಿತು. ಅಲ್ಲಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ನೋವು ಮಾತ್ರ ಲಾಂಚಿನ ವೇಳೆ ನೋಡಿ ಬರುವುದಿಲ್ಲವಲ್ಲ!

ಹೆರಿಗೆಗೆ ತವರಿಗೆ ಹೋಗುವುದು ವಾಡಿಕೆ. ತೀರ್ಥಹಳ್ಳಿಯ ಕುಪ್ಪಳಿಯವರೆಂದೇ ನಾವು ಬಲ್ಲ ಕುವೆಂಪು 1904ರ ಡಿಸೆಂಬರ್ 29ರಂದು ಹುಟ್ಟಿದ್ದು ತಾಯಿಯ ತವರಾದ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಪರಿಚಿತ ಮನೆ, ಪರಿಚಿತ ಕೈ ಬಸುರಿಯ ಭಯವನ್ನು ಅರ್ಧ ಇಳಿಸುತ್ತಿದ್ದವು.

ಇದರಲ್ಲಿ ಶರೀರಶಾಸ್ತ್ರವೂ ಇದೆ. ಗರ್ಭಕೋಶವನ್ನು ಹಿಂಡುವ ಆಕ್ಸಿಟೋಸಿನ್ ದೇಹದಲ್ಲೇ ಒಸರುವ ರಸದೂತ. ಅತಿಯಾದ ಭಯ ನೋವಿನ ಲಯವನ್ನು ಕೆಡಿಸಬಲ್ಲದು. ನಡೆದಾಡಿಸುವುದು, ಗಂಜಿ ಕುಡಿಸುವುದು, ಬೆನ್ನು ತಿಕ್ಕುವುದು, ಕುಕ್ಕರಗಾಲಿನಲ್ಲಿ ಕೂರಿಸುವುದು ಇವೆಲ್ಲ ದೇಹದ ಕೆಲಸಕ್ಕೆ ದಾರಿ ಬಿಡುವ ಉಪಾಯಗಳು. ಎಲ್ಲರಿಗೂ ತಾಸಿಗೆ ಒಂದು ಸೆಂಟಿಮೀಟರಿನಂತೆ ಗರ್ಭದ್ವಾರ ತೆರೆಯಲೇಬೇಕೆಂಬ ನಿಯಮ ಸಲ್ಲದು, ಓಡಾಡಲು ಬಿಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿತು.

ಹಾಗೆಂದು ಹಳೆಯ ಕಾಲವನ್ನು ಹಾಡಿ ಹೊಗಳುವಂತಿಲ್ಲ. ಮಗು ಅಡ್ಡ ನಿಂತರೆ, ರಕ್ತ ನಿಲ್ಲದಿದ್ದರೆ, ರಕ್ತದೊತ್ತಡ ಏರಿ ಸೆಳವು ಬಂದರೆ ಎಂಥ ಪಳಗಿದ ಕೈಯೂ ಸೋಲುತ್ತಿತ್ತು. ಕಂಬಳಿಯ ಜೋಲಿಯಲ್ಲಿ ಹೊತ್ತು ತರುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಶುಚಿಯಿಲ್ಲದ ಕತ್ತಿಯಿಂದ ಹೊಕ್ಕುಳಬಳ್ಳಿ ಕೊಯ್ದು ಧನುರ್ವಾಯುವಿಗೆ ತುತ್ತಾದ ಶಿಶುಗಳಿಗೆ ಲೆಕ್ಕವಿಲ್ಲ. ಭಾರತದಲ್ಲಿ ಆ ಪಿಡುಗು ನಿರ್ಮೂಲನಗೊಂಡಿತೆಂದು ಸಾರಿದ್ದು 2015ರಲ್ಲಿ. ಕರ್ನಾಟಕದಲ್ಲಿ ಒಂದು ಲಕ್ಷ ಸಜೀವ ಜನನಗಳಿಗೆ ತಾಯಂದಿರ ಸಾವು 2001–03ರಲ್ಲಿ 228 ಇದ್ದದ್ದು 2018–20ರಲ್ಲಿ 69ಕ್ಕೆ ಇಳಿಯಿತು. ಇದರಲ್ಲಿ ಆಸ್ಪತ್ರೆಯ ಪಾಲು ದೊಡ್ಡದು.

2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಮನೆ ಹೆರಿಗೆ ಇನ್ನಷ್ಟು ಬೇಗ ಕಡಿಮೆಯಾಯಿತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಶೇ 97ರಷ್ಟು ಹೆರಿಗೆ ಆಸ್ಪತ್ರೆಗಳಲ್ಲೇ ಆಗಿವೆ. ಅದೇ ಸಮೀಕ್ಷೆಯಂತೆ ಸಿಸೇರಿಯನ್ ಪ್ರಮಾಣ ಶೇ 31ನ್ನು ದಾಟಿದೆ. ಶೇ 10–15ಕ್ಕಿಂತ ಹೆಚ್ಚಿನದಕ್ಕೆ ಸಮರ್ಥನೆಯಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲೇ ಹೇಳಿತ್ತು. ಕೊಯ್ಯಬೇಕಾದಾಗ ಕೊಯ್ಯುವುದು ಜೀವದಾನ. ಕಾಯಬಹುದಾದಾಗ ಕಾಯದಿರುವುದು ಬೇರೆ ಮಾತು.

ಸುಮಾರು 15 ಸಾವಿರ ಹೆರಿಗೆ ಮಾಡಿಸಿದ ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ಅದೇ ಡಿಸೆಂಬರ್ 25ರಂದು ಅವರು ತೀರಿಕೊಂಡರು. ಸಹಜ ಹೆರಿಗೆಗೆ ಒತ್ತು ಕೊಡುವ ತರಬೇತಾದ ದಾದಿಯರನ್ನು ಆಸ್ಪತ್ರೆಗಳಲ್ಲಿ ನೇಮಿಸುವ ಮಾರ್ಗಸೂಚಿಯನ್ನು ಕೇಂದ್ರ ಸರ್ಕಾರ ಹೊರಡಿಸಿದ್ದೂ ಆ ವರ್ಷವೇ.

ಮಲೆನಾಡಿನ ಹೆಣ್ಣಿಗೆ ಹಿಂದೆ ಮೈಯನ್ನು ನಂಬದೆ ಬೇರೆ ದಾರಿ ಇರಲಿಲ್ಲ. ಈಗ ದಾರಿಯೂ ಇದೆ, ವೈದ್ಯರೂ ಇದ್ದಾರೆ. ಆ ಭದ್ರತೆಯ ನಡುವೆಯೇ ಸೂಲಗಿತ್ತಿಯ ತಾಳ್ಮೆಗೂ ಹೆರಿಗೆ ಕೋಣೆಯಲ್ಲಿ ಒಂದು ಮಣೆ ಹಾಕಬೇಕಿದೆ.