ಸಂತೆಯ ಕತೆ: ಬೆಳೆದವರ ಕೈಯಿಂದ ಉಣ್ಣುವವರ ಕೈಗೆ



ಸಂತೆ ಎಂದರೇನು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಾರದ ಸಾಮಾನು ಮುಗಿಯುತ್ತ ಬಂದಾಗ ಮನೆಯವರ ಬಾಯಲ್ಲಿ ಬರುವ ಮೊದಲ ಮಾತೇ ಅದು. ಆದರೆ ಈ ಸಂತೆ ಯಾವಾಗಿನದು, ಅದನ್ನು ಯಾರು ನಡೆಸಿದರು, ಅದರಲ್ಲಿ ಬೆಳೆದವನ ಪಾಲೆಷ್ಟು, ನಡುವಿನವನ ಪಾಲೆಷ್ಟು ಎಂಬುದನ್ನು ನಾವು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಆ ವಿಚಾರವನ್ನು ಈಗ ಸ್ವಲ್ಪ ನೋಡೋಣ. ಹಳೆಯದನ್ನು ತಿಳಿದರೆ ಇಂದು ಚೀಲ ಹಿಡಿದು ಹೊರಡುವಾಗ ಬುದ್ಧಿ ಸರಿಯಾಗಿ ಓಡುತ್ತದೆ.

ವಾರಕ್ಕೆ ಒಂದೇ ದಿನ ಏಕೆ? ಇದರಲ್ಲಿ ಒಂದು ಲೆಕ್ಕಾಚಾರ ಉಂಟು. ಒಂದು ಹಳ್ಳಿಯ ಜನ ದಿನಾಲೂ ಕೊಳ್ಳುವಷ್ಟು ವ್ಯಾಪಾರ ಇರುವುದಿಲ್ಲ. ಹತ್ತಾರು ಹಳ್ಳಿಯವರು ಒಂದೇ ದಿನ ಒಂದೆಡೆ ಸೇರಿದರೆ ಮಾತ್ರ ಮಾರುವವನಿಗೂ ಕೊಳ್ಳುವವನಿಗೂ ಗಿಟ್ಟುತ್ತದೆ. ಎತ್ತಿನ ಗಾಡಿ ಕಟ್ಟಿಕೊಂಡು ಬೆಳಗ್ಗೆ ಹೊರಟವನು ಕತ್ತಲಾಗುವುದರೊಳಗೆ ಮನೆ ಸೇರಬೇಕು. ಅಷ್ಟು ದೂರಕ್ಕೊಂದು ಸಂತೆ. ಇಂದು ಈ ಊರು, ನಾಳೆ ಆ ಊರು ಎಂದು ವಾರ ಹಂಚಿಕೊಂಡರು. ಕೊಡಗಿನ ಶನಿವಾರಸಂತೆಯಲ್ಲಿ ವಾರವೇ ಊರಿನ ಹೆಸರಾಗಿ ನಿಂತಿದೆ. ಸಂತೇಬೆನ್ನೂರು, ಸಂತೆಮರಹಳ್ಳಿ ಎಂಬ ಹೆಸರುಗಳನ್ನೂ ನೀವು ಕೇಳಿದ್ದೀರಿ.

ಕರ್ನಾಟಕದ ಹಳೆಯ ಶಾಸನಗಳಲ್ಲಿ ಸಂತೆಯ ಮಾತು ಮತ್ತೆಮತ್ತೆ ಬರುತ್ತದೆ. ಚಾಲುಕ್ಯರ, ಹೊಯ್ಸಳರ ಕಾಲದಲ್ಲಿ ಸಂತೆಗೆ ಬಂದ ಸರಕಿನ ಮೇಲೆ ಸುಂಕವಿತ್ತು. ಆ ಸುಂಕದಲ್ಲಿ ಒಂದು ಭಾಗವನ್ನು ದೇವಸ್ಥಾನಕ್ಕೆ ಬಿಟ್ಟುಕೊಟ್ಟದ್ದನ್ನು ಕಲ್ಲಿನ ಮೇಲೆ ಬರೆಸುತ್ತಿದ್ದರು. ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರೆಂಬ ವರ್ತಕರ ಸಂಘ ದೂರದೂರದ ನಾಡುಗಳವರೆಗೆ ವ್ಯಾಪಾರ ನಡೆಸಿತು. ಪಟ್ಟಣದ ವರ್ತಕರ ಮುಖಂಡನಿಗೆ ಪಟ್ಟಣಸ್ವಾಮಿ ಎಂಬ ಬಿರುದಿತ್ತು. ಇಲ್ಲಿ ಒಂದು ವಿಷಯ ಗಮನಿಸಿ. ಸುಂಕ ಪಡೆದವನ ಹೆಸರು ಕಲ್ಲಿನಲ್ಲಿದೆ, ವರ್ತಕನ ಹೆಸರು ಕಲ್ಲಿನಲ್ಲಿದೆ. ಸೊಪ್ಪಿನ ಕುಕ್ಕೆ ಹೊತ್ತು ಬಂದ ಹೆಂಗಸಿನ ಹೆಸರನ್ನು ಹುಡುಕಿದರೆ ಸಿಕ್ಕುವುದು ಕಷ್ಟ.

ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಪೇಟೆ ಬೀದಿಗಳನ್ನು ಬೆರಗಾಗಿ ವರ್ಣಿಸಿದ್ದಾನೆ. ಸಂಜೆಯ ಹೊತ್ತು ನೆರೆಯುವ ಸಂತೆಯಲ್ಲಿ ನಿಂಬೆ, ಕಿತ್ತಳೆ, ದ್ರಾಕ್ಷಿ, ತೋಟದ ತರಕಾರಿ, ಸೌದೆಯವರೆಗೆ ಎಲ್ಲವೂ ಮಾರಾಟಕ್ಕಿತ್ತಂತೆ. ಆಗ ಅಲ್ಲಿ ಟೊಮೇಟೊ ಇರಲಿಲ್ಲ, ಆಲೂಗೆಡ್ಡೆಯೂ ಇರಲಿಲ್ಲ. ಅವು ಅಮೆರಿಕ ಖಂಡದ ಬೆಳೆಗಳು, ನಮ್ಮ ನಾಡಿಗೆ ಆಮೇಲೆ ಬಂದವು. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಬೆಂಗಳೂರಿನ ಪೇಟೆಯಲ್ಲಿ ಒಂದೊಂದು ಸರಕಿಗೆ ಒಂದೊಂದು ಬೀದಿ ಬೆಳೆಯಿತು. ಅಕ್ಕಿಪೇಟೆ, ಅರಳೆಪೇಟೆ, ತರಗುಪೇಟೆ ಎಂಬ ಹೆಸರುಗಳು ಇಂದಿಗೂ ಉಳಿದಿವೆ.

ಇನ್ನು ಅಳತೆ ತೂಕದ ಮಾತು. ರೈತನಿಗೆ ಹೆಚ್ಚು ಪೆಟ್ಟು ಬಿದ್ದದ್ದು ಇಲ್ಲೇ. ಪಾವು, ಸೇರು, ಬಳ್ಳ, ಕೊಳಗ, ಖಂಡುಗ ಎಂದು ಹಿರಿಯರು ಎಣಿಸುತ್ತಿದ್ದರಲ್ಲ, ಆ ಕೊಳಗ ಊರಿಗೊಂದು ತರಹ. ಮಣದ ಲೆಕ್ಕವಂತೂ ಕೇಳಲೇಬೇಡಿ. ಮದರಾಸಿನ ಮಣ ಸುಮಾರು 25 ಪೌಂಡು. ಉತ್ತರ ದೇಶದ ಸರ್ಕಾರಿ ಮಣ ಸುಮಾರು 82 ಪೌಂಡು. ಹೆಸರೊಂದೇ, ತೂಕ ಮೂರು ಪಟ್ಟು! ಓದು ಬಾರದ ಬೇಸಾಯಗಾರ ಯಾವ ಮಣಕ್ಕೆ ಯಾವ ಬೆಲೆ ಅಂತ ತಿಳಿಯುವುದು ಹೇಗೆ?

ಮಂಡಿಯಲ್ಲಿ ಬೆಲೆ ಕೂಗುತ್ತಲೂ ಇರಲಿಲ್ಲ. ದಲ್ಲಾಳಿಯೂ ಕೊಳ್ಳುವವನೂ ಒಂದು ಬಟ್ಟೆಯ ಕೆಳಗೆ ಕೈಯಿಟ್ಟು ಬೆರಳು ಹಿಡಿದು ಬೆಲೆ ಗೊತ್ತುಮಾಡುತ್ತಿದ್ದರು. ಮಾಲಿನ ಯಜಮಾನ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಕಾಣುತ್ತಿದ್ದದ್ದು ಬಟ್ಟೆ ಮಾತ್ರ. ಅದರ ಮೇಲೆ ದಲ್ಲಾಳಿ, ಹಮಾಲಿ, ತೂಕದ ಕೂಲಿ, ಮಾದರಿ, ಧರ್ಮ ಎಂದು ಒಂದೊಂದಾಗಿ ಕಡಿತ. ಕೊನೆಗೆ ಕೈಗೆ ಬಂದದ್ದನ್ನು ಎಣಿಸಿಕೊಂಡು ಮನೆಗೆ ಬರಬೇಕು.

ಈ ಅನ್ಯಾಯಕ್ಕೆ ತಡೆ ಹಾಕಲು ಕಾನೂನು ಬೇಕಾಯಿತು. ದೇಶದಲ್ಲಿ ಮೊದಲು ಬಂದದ್ದು ಹತ್ತಿಗಾಗಿ, 1897ರಲ್ಲಿ, ಬೀರಾರ್ ಪ್ರಾಂತದಲ್ಲಿ. 1928ರಲ್ಲಿ ವರದಿ ಕೊಟ್ಟ ರಾಯಲ್ ಕೃಷಿ ಆಯೋಗ ಎಲ್ಲ ಪ್ರಾಂತಗಳಲ್ಲೂ ಕ್ರಮಬದ್ಧ ಮಾರುಕಟ್ಟೆಗಳಿರಬೇಕೆಂದು ಹೇಳಿತು. 1939ರಲ್ಲಿ ಮುಂಬಯಿ ಪ್ರಾಂತದಲ್ಲೂ ಮೈಸೂರು ಸಂಸ್ಥಾನದಲ್ಲೂ ಇದಕ್ಕೆ ಶಾಸನಗಳಾದವು. ಸ್ವಾತಂತ್ರ್ಯ ಬಂದ ಮೇಲೆ 1956ರ ಕಾನೂನಿನಂತೆ 1958ರ ಅಕ್ಟೋಬರಿನಿಂದ ಕಿಲೋಗ್ರಾಂ ತೂಕ ಹಂತಹಂತವಾಗಿ ಜಾರಿಗೆ ಬಂತು. ಮಣದ ಗೊಂದಲ ಕೊನೆಗೊಂಡಿತು. ಏಕೀಕೃತ ರಾಜ್ಯಕ್ಕೆಲ್ಲ ಒಂದೇ ಆಗಿ 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾನೂನು ಬಂದು 1968ರಲ್ಲಿ ಜಾರಿಯಾಯಿತು. ಬಟ್ಟೆಯ ಕೆಳಗಿನ ಕೈ ಹೊರಗೆ ಬಂದು ಬಹಿರಂಗ ಹರಾಜು ನಡೆಯಬೇಕೆಂಬುದು ಇವುಗಳ ತಿರುಳು.

ಇದೇ ಕಾಲದ ಇನ್ನೊಂದು ಹೆಜ್ಜೆಯನ್ನು ಹೇಳಲೇಬೇಕು. ಬೆಂಗಳೂರಿನ ಸುತ್ತಮುತ್ತ ದ್ರಾಕ್ಷಿ ಬೆಳೆದವರು 1959ರಲ್ಲಿ ಒಂದು ಸಹಕಾರ ಸಂಘ ಕಟ್ಟಿಕೊಂಡರು. ಅದಕ್ಕೆ ಬೆನ್ನೆಲುಬಾಗಿ ನಿಂತವರು ತೋಟಗಾರಿಕೆಯ ಡಾ. ಎಂ. ಎಚ್. ಮರಿಗೌಡರು. ದ್ರಾಕ್ಷಿಯಿಂದ ಆರಂಭಿಸಿದ ಸಂಘ ಮುಂದೆ ಎಲ್ಲ ಹಣ್ಣು ತರಕಾರಿಗೂ ಕೈಹಾಕಿತು. ಅದೇ ಇಂದಿನ ಹಾಪ್‌ಕಾಮ್ಸ್. ಬೆಳೆದವರೇ ಸದಸ್ಯರು, ತೂಕ ಮಾಡಿ ಮಾರಾಟ, ಬೆಲೆ ಹಲಗೆಯ ಮೇಲೆ. ಪಂಜಾಬಿನಲ್ಲಿ 1987ರಲ್ಲಿ ಅಪ್ನಿ ಮಂಡಿ, ಆಂಧ್ರದಲ್ಲಿ 1999ರಲ್ಲಿ ರೈತು ಬಜಾರ್, ಅದೇ ವರ್ಷ ತಮಿಳುನಾಡಿನಲ್ಲಿ ಉಳವರ್ ಸಂದೈ ಆರಂಭವಾದವು. ಬೆಳೆದವನು ನೇರವಾಗಿ ಉಣ್ಣುವವನಿಗೇ ಮಾರಲಿ ಎಂಬುದು ಎಲ್ಲದರ ಆಶಯ.

ಹಾಗಾದರೆ ರೈತನ ಕಷ್ಟ ತೀರಿತೆ? ಇಲ್ಲ. ರಿಸರ್ವ್ ಬ್ಯಾಂಕು 2024ರಲ್ಲಿ ಹೊರಡಿಸಿದ ಅಧ್ಯಯನಗಳ ಪ್ರಕಾರ, ಕೊಳ್ಳುವವರು ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಮುಟ್ಟುವುದು ಟೊಮೇಟೊದಲ್ಲಿ ಸುಮಾರು 33 ಪೈಸೆ, ಈರುಳ್ಳಿಯಲ್ಲಿ 36, ಆಲೂಗೆಡ್ಡೆಯಲ್ಲಿ 37. ಉಳಿದದ್ದು ಸಾಗಣೆ, ಕೊಳೆತ, ಕಮಿಷನ್, ಅಂಗಡಿ ಎಂದು ದಾರಿಯಲ್ಲೇ ಕರಗುತ್ತದೆ. 2016ರಲ್ಲಿ ಇ-ನಾಮ್ ಎಂಬ ರಾಷ್ಟ್ರೀಯ ವಿದ್ಯುನ್ಮಾನ ಮಾರುಕಟ್ಟೆ ಬಂತು. 2020ರಲ್ಲಿ ಕೇಂದ್ರ ಸರ್ಕಾರ ತಂದ ಮೂರು ಕೃಷಿ ಕಾನೂನುಗಳು ರೈತರ ದೊಡ್ಡ ಚಳವಳಿಯ ನಂತರ 2021ರಲ್ಲಿ ರದ್ದಾದವು. ವಾದ ಇನ್ನೂ ಮುಗಿದಿಲ್ಲ.

ಸಂತೆಯೊಂದರಿಂದಲೇ ಎಲ್ಲವೂ ಸರಿಹೋಗುತ್ತದೆ ಎನ್ನುವ ಹಾಗೂ ಇಲ್ಲ. ಲಾರಿ ತುಂಬ ಟೊಮೇಟೊ ಬೆಳೆದವನಿಗೆ ಕೋಲಾರದಂಥ ದೊಡ್ಡ ಮಾರುಕಟ್ಟೆ ಬೇಕೇ ಬೇಕು. ಆದರೆ ಅರ್ಧ ಎಕರೆಯಲ್ಲಿ ಸೊಪ್ಪು, ಅವರೆ, ಬದನೆ ಬೆಳೆಯುವವರಿಗೆ ಸಂತೆಯೇ ಆಧಾರ. ಅಲ್ಲಿ ಹಣ ಅಂದೇ ಕೈಗೆ. ಅವರ ತೊಂದರೆಯೂ ಅಲ್ಲೇ ಉಂಟು: ಹೊತ್ತು ಮುಳುಗುವ ವೇಳೆಗೆ ಸೊಪ್ಪು ಬಾಡುತ್ತದೆ, ಹೊತ್ತು ಹಿಂದಕ್ಕೆ ಒಯ್ಯಲಾಗದು, ಸಿಕ್ಕಿದ ಬೆಲೆಗೆ ಕೊಡಬೇಕು. ಹಾಗಾಗಿ ಕೊಳ್ಳುವವರ ನಡತೆ ಸಣ್ಣ ವಿಷಯವಲ್ಲ.

ನಮ್ಮಲ್ಲಿ ಅನೇಕ ರೈತರು ಒಂದೇ ಬೆಳೆ ಇಟ್ಟು, ಮನೆಯ ತರಕಾರಿಯನ್ನು ಪೇಟೆಯಿಂದ ಕೊಳ್ಳುತ್ತಾರೆ. ಹೀಗಾಗಿ ನೀವೂ ಗಿರಾಕಿಗಳೇ. ಸಂತೆಗೆ ಹೊರಟಾಗ ಇಷ್ಟು ನೆನಪಿಡಿ. ಸಾಧ್ಯವಾದಷ್ಟು ಬೆಳಗ್ಗೆ ಹೋಗಿ. ಒಂದು ಸುತ್ತು ಸುಮ್ಮನೆ ತಿರುಗಿ ಬೆಲೆ ಕೇಳಿ, ಆಮೇಲೆ ಕೊಳ್ಳಿ. "ಯಾವೂರಮ್ಮ, ನಿಮ್ಮ ಹೊಲದ್ದೇನಾ?" ಎಂದು ವಿಚಾರಿಸಿ, ಬೆಳೆದವರೇ ಕೂತಿದ್ದರೆ ಅವರಲ್ಲಿ ಕೊಳ್ಳಿ. ಆಯಾ ಕಾಲದ್ದನ್ನು ತನ್ನಿ: ಚಳಿಗಾಲಕ್ಕೆ ಅವರೆಕಾಯಿ, ಬೇಸಗೆಗೆ ಮಾವು. ಕಾಲಕ್ಕೆ ತಕ್ಕ ಬೆಳೆ ಹತ್ತಿರದಲ್ಲೇ ಸಿಕ್ಕುತ್ತದೆ, ರುಚಿಯೂ ಉಂಟು, ಬೆಲೆಯೂ ಇಳಿದಿರುತ್ತದೆ. ಉಡುಪಿ ಕಡೆಯ ಮಟ್ಟುಗುಳ್ಳ, ನಂಜನಗೂಡಿನ ರಸಬಾಳೆ, ನವಣೆ, ಸಾಮೆಯಂಥವು ಉಳಿಯಬೇಕಾದರೆ ಕೊಳ್ಳುವವರು ಕೇಳಬೇಕು. ಕೇಳುವವರಿಲ್ಲದ ತಳಿಯನ್ನು ಯಾವ ರೈತ ಬಿತ್ತಾನು?

ಮನೆಯಿಂದ ಬಟ್ಟೆಯ ಚೀಲ ಒಯ್ಯಿರಿ. ನಮ್ಮ ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. ಅದನ್ನು ತಿಂದ ದನದ ಪಾಡು ಏನಾಗುತ್ತದೆಂದು ದನ ಕಟ್ಟಿದ ನಿಮಗೇ ಗೊತ್ತು. ತಕ್ಕಡಿಗೂ ಬೊಟ್ಟಿಗೂ ಸರ್ಕಾರಿ ಮುದ್ರೆ ಇದೆಯೇ ಎಂದು ನೋಡಿ. ಕಲ್ಲಿನ ತೂಕ ಒಪ್ಪಬೇಡಿ. ಚೌಕಾಸಿ ಮಾಡಿ, ಬೇಡವೆನ್ನುವುದಿಲ್ಲ. ಆದರೆ ಕಟ್ಟು ಸೊಪ್ಪಿಗೆ ಎರಡು ರೂಪಾಯಿ ಇಳಿಸಲು ಅರ್ಧಗಂಟೆ ನಿಂತವರು, ಅಂಗಡಿಯಲ್ಲಿ ಪೊಟ್ಟಣದ ಮೇಲೆ ಅಚ್ಚಾದ ಬೆಲೆಯನ್ನು ಮಾತಿಲ್ಲದೆ ಕೊಟ್ಟು ಬರುತ್ತಾರಲ್ಲ, ಅದು ನ್ಯಾಯವೆ?

ಮಾರುವವರಿಗೂ ಒಂದು ಮಾತು. ಅನೇಕ ಕಡೆ ಸಂತೆಯ ಸುಂಕ ಎತ್ತುವ ಹಕ್ಕನ್ನು ಪಂಚಾಯತಿ ಹರಾಜು ಹಾಕುತ್ತದೆ. ದರದ ಹಲಗೆ ಎಲ್ಲಿದೆ ಎಂದು ಕೇಳಿ, ಕೊಟ್ಟ ಹಣಕ್ಕೆ ರಸೀತಿ ಪಡೆಯಿರಿ. ಸುಂಕ ತೆಗೆದುಕೊಂಡ ಮೇಲೆ ನೆರಳು, ಕುಡಿಯುವ ನೀರು, ಹೆಂಗಸರಿಗೆ ಶೌಚಾಲಯ ಒದಗಿಸಿರೆಂದು ಗ್ರಾಮಸಭೆಯಲ್ಲಿ ಎದ್ದು ಹೇಳಿ. ನಾಲ್ಕು ಮಂದಿ ಒಟ್ಟಾಗಿ ಕೇಳಿದರೆ ಕೆಲಸ ಆಗುತ್ತದೆ. ಕೊಯ್ಲನ್ನೂ ಸಂತೆಯ ದಿನಕ್ಕೆ ಹೊಂದಿಸಿಕೊಳ್ಳಿ. ಸಂತೆ ಹೊತ್ತಿಗೆ ಮೂರು ಮೊಳ ನೇಯ್ದಂತೆ ಆಗಬಾರದು.

ಶಾಸನದ ಕಾಲದಿಂದ ಇಂದಿನವರೆಗೆ ರಾಜರು ಬದಲಾದರು, ತೂಕ ಬದಲಾಯಿತು, ನಾಣ್ಯ ಬದಲಾಯಿತು. ಸಂತೆ ಉಳಿದದ್ದು ಎರಡು ಕಡೆಯವರೂ ವಾರವಾರವೂ ಬಂದದ್ದರಿಂದ. ಬರುವ ವಾರವೂ ಬನ್ನಿ.