ಸವಾರೊ ಸತ್ತಿದ್ದು ಯಾಕೆ?

ವಾಟ್ಸಾಪ್‌ನಲ್ಲಿ ಕಳ್ಳಿಗಿಡದ ಎಮೋಜಿ ಇದೆಯಲ್ಲ, ಎರಡು ಕೈ ಮೇಲೆತ್ತಿ ನಿಂತಿರೋದು? ಆ ಆಕಾರ ಅಮೆರಿಕದ ಅರಿಜೋನಾ ಮತ್ತು ಪಕ್ಕದ ಮೆಕ್ಸಿಕೋದಲ್ಲಿ ಹರಡಿರುವ ಸೊನೋರಾ ಮರುಭೂಮಿಯ ಸವಾರೊ ಕಳ್ಳಿಯದು. ನಮ್ಮ ಹೊಲದ ಬೇಲಿಯ ಪಾಪಾಸುಕಳ್ಳಿಯೂ ಅಮೆರಿಕ ಖಂಡದಿಂದಲೇ ಬಂದದ್ದು, ಆದರೆ ಸವಾರೊ ಮುಂದೆ ಅದು ಕುಳ್ಳ. ಸವಾರೊ 40 ಅಡಿ ದಾಟುತ್ತೆ, 150 ವರ್ಷ ಬದುಕುತ್ತೆ. ಒಳಗೆ ಗಟ್ಟಿ ಮರದ ಪಕ್ಕೆಲುಬುಗಳು, ಹೊರಗೆ ಮುಳ್ಳು ಸಾಲುಗಟ್ಟಿದ ಮಡಿಕೆಗಳು. ಮಳೆ ಬಂತು ಅಂದ್ರೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಬಿಚ್ಚಿಕೊಂಡು ಕಾಂಡ ನೀರು ತುಂಬಿಕೊಳ್ಳುತ್ತೆ.

ಅಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಧಮ್ ಜನ ಸವಾರೊವನ್ನು ಮನುಷ್ಯರ ಲೆಕ್ಕದಲ್ಲೇ ನೋಡ್ತಾರೆ. ಸತ್ತ ಕಳ್ಳಿಯ ಪಕ್ಕೆಲುಬಿನಿಂದ ದೋಟಿ ಮಾಡಿ ಜೂನ್‌ನಲ್ಲಿ ಹಣ್ಣು ಉದುರಿಸಿ, ಅದರ ಮದ್ಯ ಕುಡಿದು ಮಳೆ ಕರೀತಾರೆ. ಅವರ ಹೊಸ ವರ್ಷ ಶುರುವಾಗೋದೂ ಆಗಲೇ. ಇಷ್ಟಿದ್ದೂ 1908ರಲ್ಲಿ ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಕಾರ್ನೆಜಿಯಾ! ಉಕ್ಕಿನ ಸಾಹುಕಾರ ಆಂಡ್ರ್ಯೂ ಕಾರ್ನೆಗಿಯ ದುಡ್ಡಿನ ಸಂಸ್ಥೆ 1903ರಲ್ಲಿ ಟೂಸಾನ್ ನಗರದ ಗುಡ್ಡದ ಮೇಲೆ ಮರುಭೂಮಿ ಪ್ರಯೋಗಾಲಯ ಕಟ್ಟಿಸಿತ್ತು. ಸ್ಟೇಡಿಯಂಗೆ ಸ್ಪಾನ್ಸರ್ ಹೆಸರು ಇಟ್ಟ ಹಾಗೆ.

1933ರ ಮಾರ್ಚ್ 1ರಂದು, ಕುರ್ಚಿ ಬಿಡೋಕೆ ಮೂರು ದಿನ ಇರುವಾಗ, ಅಧ್ಯಕ್ಷ ಹೂವರ್ ಟೂಸಾನ್ ಪಕ್ಕದ ಸವಾರೊ ಕಾಡನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದರು. ಹತ್ತು ವರ್ಷವೂ ಆಗಿರಲಿಲ್ಲ, ದೈತ್ಯ ಕಳ್ಳಿಗಳು ಕೊಳೆತು ಬೀಳತೊಡಗಿದವು. ಕೊಳೆತ ಕಡೆಯೆಲ್ಲ ಒಂದು ಬ್ಯಾಕ್ಟೀರಿಯಾ ಸಿಕ್ಕಿತು. ಸರಿ, ಇದೇ ಕಳ್ಳ ಅಂದುಕೊಂಡು 1940ರ ದಶಕದಲ್ಲಿ ರೋಗ ಹಿಡಿದವನ್ನೆಲ್ಲ ಕತ್ತರಿಸಿ ಗುಂಡಿ ತೋಡಿ ಹೂತರು. ಸಾವು ನಿಲ್ಲಲಿಲ್ಲ. ಲಾಗ್‌ನಲ್ಲಿ ಕೊನೆಗೆ ಕಂಡ ಎರರ್ ಮೇಲೆ ಟಿಕೆಟ್ ಹಾಕೋದು ಅಂದ್ರೆ ಇದೇ.

1970ರ ದಶಕದಲ್ಲಿ ಸ್ಟೀನ್‌ಬರ್ಗ್ ಮತ್ತು ಲೋವ್ ಎಂಬ ವಿಜ್ಞಾನಿಗಳು ಇದನ್ನು ಬಿಡಿಸಿ ತೋರಿಸಿದರು. ಮುದಿ ಕಳ್ಳಿಗಳನ್ನು ಕೊಂದಿದ್ದು ಮುಖ್ಯವಾಗಿ ಹಿಮಗಟ್ಟುವ ಚಳಿ; ಬ್ಯಾಕ್ಟೀರಿಯಾ ಬಂದದ್ದು ಆಮೇಲೆ, ಹೆಣ ತಿನ್ನೋಕೆ. ಆದರೆ ಮುದುಕರು ಸಾಯೋದು ಸಹಜ. ಅವರ ಜಾಗಕ್ಕೆ ಮಕ್ಕಳೇ ಇರಲಿಲ್ಲ ಅನ್ನೋದು ನಿಜವಾದ ಸಮಸ್ಯೆ.

ಸವಾರೊ ಸಸಿ ಮೊದಲ ಎಂಟು ವರ್ಷದಲ್ಲಿ ಬೆಳೆಯೋದು ಒಂದೂವರೆ ಇಂಚು. ಬಿಸಿಲು, ಚಳಿ ಎರಡರಿಂದಲೂ ಅದನ್ನು ಕಾಯೋದು ಪಾಲೊ ವರ್ಡೆ, ಮೆಸ್ಕೀಟ್ ಥರದ ಮರಗಳ ನೆರಳು. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಆ ಮರಗಳನ್ನು ಕಡಿದು ಸೌದೆ ಮಾಡಿದ್ದರು, ಸುಣ್ಣದ ಭಟ್ಟಿಗೆ ಹಾಕಿದ್ದರು. ಉಳಿದ ಜಾಗದಲ್ಲಿ ದನ ಮೇಯಿಸಿದ್ದರು. ಸ್ಮಾರಕ ಅಂತ ಬೋರ್ಡ್ ಬಿದ್ದ ಮೇಲೂ ದನ ಒಳಗೇ ಇದ್ದವು. ದನ ಬಿಟ್ಟ ಕಡೆ ಸಸಿ ಉಳಿಯಲ್ಲ ಅಂತ ನಮ್ಮೂರಲ್ಲಿ ಯಾರನ್ನು ಕೇಳಿದ್ರೂ ಹೇಳ್ತಿದ್ರು.

ಕಾಡಿನಿಂದ ದನ ಹೊರಗೆ ಹೋದ ಮೇಲೆ ಸಸಿಗಳು ನಿಧಾನಕ್ಕೆ ತಲೆ ಎತ್ತಿದವು. 1994ರಲ್ಲಿ ಸ್ಮಾರಕ ರಾಷ್ಟ್ರೀಯ ಉದ್ಯಾನವಾಯಿತು. ಸವಾರೊಗೆ ಕೈ ಮೂಡೋಕೆ ಐವತ್ತರಿಂದ ನೂರು ವರ್ಷ ಬೇಕು. ದನ ಹೋದ ಮೇಲೆ ಹುಟ್ಟಿದವುಗಳಲ್ಲಿ ಬಹಳಷ್ಟು ಇನ್ನೂ ಬರೀ ಕಂಬದ ಹಾಗೆ ನಿಂತಿವೆ.