ಇಳಿಯುವವನ ಹಗ್ಗ

ಬಾವಿಯಲ್ಲಿ ನೀರು ಸೇದುವಾಗ ತುಂಬಿದ ಕೊಡ ಕೈಜಾರಿ, ಹಗ್ಗ ಸರ್ರನೆ ಓಡಿ ಅಂಗೈ ಸುಟ್ಟುಕೊಂಡವರಿಗೆ ಘರ್ಷಣೆಯೆಂದರೇನೆಂದು ಬೇರೆ ಪಾಠ ಬೇಕಾಗಿಲ್ಲ. ಆ ಉರಿಯನ್ನು ಅಂಗೈಯಿಂದ ಬೇರೆಡೆಗೆ ಸಾಗಿಸಿದ ಕಥೆಯೇ, ಮರದ ಮೇಲೆ ಕೆಲಸ ಮಾಡುವವರು ಹಗ್ಗದಿಂದಿಳಿಯುವ ವಿದ್ಯೆಯ ಚರಿತ್ರೆ.

70 ಕಿಲೋ ತೂಕದವನು 20 ಮೀಟರ್ ಎತ್ತರದಿಂದ ಮೆಲ್ಲಗೆ ಇಳಿದು ನೆಲ ಮುಟ್ಟುವಷ್ಟರಲ್ಲಿ ಹುಟ್ಟುವ ಶಾಖ, ಸುಮಾರು 40 ಗ್ರಾಂ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲುದು. ಇಷ್ಟೇ ತಾನೇ ಎನ್ನಬೇಡಿ. ನಾಲ್ಕು ಬೆರಳಗಲದ ಗಂಟಿನಲ್ಲಿ ಅದೆಲ್ಲ ಸೇರಿದರೆ ಅನಾಹುತವಾದೀತು.

ಗೂಟಕ್ಕೆ ಹಗ್ಗ ಸುತ್ತಿ ಭಾರ ತಡೆಯುವ ಉಪಾಯವನ್ನು ನಾವಿಕರು ಬಹು ಹಿಂದಿನಿಂದಲೇ ಬಲ್ಲರು. ಅದನ್ನು ಗಣಿತಕ್ಕೆ ಅಳವಡಿಸಿದವನು 18ನೆಯ ಶತಮಾನದ ಸ್ವಿಸ್ ಪಂಡಿತ ಆಯ್ಲರ್. ಘರ್ಷಣೆಯ ಗುಣಾಂಕ 0.3 ಎಂದಿಟ್ಟುಕೊಂಡರೆ, ಒಂದು ಸುತ್ತು ಹಾಕಿದವನು ತನ್ನ ಕೈಬಲದ ಆರೂವರೆ ಪಟ್ಟು ಭಾರವನ್ನು ತಡೆಯಬಲ್ಲ. ಎರಡು ಸುತ್ತಿಗೆ 43 ಪಟ್ಟು! ಗೂಟದ ದಪ್ಪ ಈ ಲೆಕ್ಕಕ್ಕೆ ಬಾರದು. ಸುತ್ತುಗಳ ಎಣಿಕೆಯೇ ಮುಖ್ಯ.

ಗೂಟಕ್ಕೆ ಬದಲಾಗಿ ಮೈಯನ್ನೇ ಒಡ್ಡಿದವರು ಪರ್ವತಾರೋಹಿಗಳು. 1915ರಲ್ಲಿ ಯುದ್ಧರಂಗದಲ್ಲಿ ಮಡಿದ ಜರ್ಮನಿಯ ಹಾನ್ಸ್ ಡ್ಯುಲ್ಫರನ ಹೆಸರು ಹೊತ್ತ ಕ್ರಮದಲ್ಲಿ, ಹಗ್ಗ ತೊಡೆಯನ್ನು ಬಳಸಿ ಎದೆಯ ಮೇಲೆ ಹಾದು ಹೆಗಲೇರುತ್ತಿತ್ತು. ಅಂಗೈಯೇನೋ ಉಳಿಯಿತು, ತೊಡೆ, ಹೆಗಲುಗಳು ಉರಿದವು. 1931ರಲ್ಲಿ ಆಸ್ಟ್ರಿಯದ ಕಾರ್ಲ್ ಪ್ರುಸಿಕ್ ಪ್ರಕಟಿಸಿದ ಗಂಟಿನಲ್ಲಿ ಹಗ್ಗದ ಮೇಲೆ ಹಗ್ಗವನ್ನೇ ಸುತ್ತಲಾಯಿತು. ಭಾರ ಬಿದ್ದರೆ ಅದು ಬಿಗಿಯುತ್ತದೆ, ಭಾರ ತೆಗೆದರೆ ಸರಿಯುತ್ತದೆ.

ಮರಗೆಲಸದವರಿಗೆ ಇಷ್ಟು ಸಾಲದು. ಭಾರವಿರುವಾಗಲೇ ಸಡಿಲಿಸಿ, ಬೇಕೆಂದಲ್ಲಿ ನಿಲ್ಲಬೇಕು. ಅದಕ್ಕಾಗಿ ಅವರು ಹಗ್ಗವನ್ನು ಕೊಂಬೆಯ ಮೇಲೆ ಹಾಯಿಸಿ, ಒಂದು ತುದಿಯನ್ನು ಸೊಂಟಪಟ್ಟಿಗೆ ಬಿಗಿದು, ಇನ್ನೊಂದು ಮಗ್ಗುಲಿನ ಮೇಲೆ ಜಾರುಗಂಟು ಹಾಕಿದರು. ಗಂಟಿಗೆ ಸುಮಾರು ಅರ್ಧ ಭಾರವಷ್ಟೇ ಬಿತ್ತು. ಕೊಂಬೆಯೂ ಘರ್ಷಣೆಯಲ್ಲಿ ಪಾಲುಗೊಂಡಿತು. ಪಾಪ, ಅದರ ತೊಗಟೆ ಸವೆಯಿತು! ಕೊಂಬೆಗೆ ಪಟ್ಟಿ ಕಟ್ಟಿ, ಅದರ ಬಳೆಗಳಲ್ಲಿ ಹಗ್ಗ ಹಾಯಿಸುವ ಪದ್ಧತಿ ಬಂದುದು ಈ ಕಾರಣದಿಂದ.

1935ರಲ್ಲಿ ಅಮೆರಿಕದಲ್ಲಿ ನೈಲಾನ್ ಹುಟ್ಟಿತು. ಅದರ ಹಗ್ಗ ನಾರಿನ ಹಗ್ಗಕ್ಕಿಂತ ಬಲವಾದುದು, ನಿಜ. ಆದರೆ ಬಿಸಿ ಮಿತಿಮೀರಿದರೆ ನಾರು ಕರಿಕಾಗುತ್ತದೆ, ನೈಲಾನ್ ಕರಗುತ್ತದೆ. ಅವಸರದಿಂದ ಇಳಿದವನ ಗಂಟಿನ ಎಳೆಗಳು ಮೆರುಗೆಣ್ಣೆ ಬಳಿದಂತೆ ಹೊಳೆದು ಗಡುಸಾಗುತ್ತವೆ.

ಒಂಟಿ ಹಗ್ಗದಲ್ಲಿ ಇಳಿಯತೊಡಗಿದಾಗ ತೊಡಕು ಇನ್ನೂ ಹೆಚ್ಚಿತು. ಪೂರ್ತಿ ಭಾರ ಗಂಟಿನ ಮೇಲೆಯೇ ಬಿದ್ದು, ಅದು ಜಪ್ಪಯ್ಯ ಎಂದರೂ ಸಡಿಲವಾಗದು. 2010ರ ಸುಮಾರಿಗೆ ಬಂದ 'ರೋಪ್ ರೆಂಚ್' ಎಂಬ ಪುಟ್ಟ ಲೋಹದ ಸಾಧನ, ಗಂಟಿನ ಮೇಲುಗಡೆ ಹಗ್ಗವನ್ನು ತುಸು ಬಾಗಿಸಿ ಭಾರದ ಒಂದು ಪಾಲನ್ನು ತಾನು ಹೊರುತ್ತದೆ.

ಮೈ, ಗಂಟು, ಕೊಂಬೆ, ಲೋಹ: ಘರ್ಷಣೆಯನ್ನು ಯಾರೂ ಇಲ್ಲದಂತೆ ಮಾಡಲಿಲ್ಲ, ಹಂಚಿಕೊಂಡರು, ಅಷ್ಟೆ. ಇಂದಿಗೂ ಅನುಭವಿಯಾದ ಕೆಲಸಗಾರ ಮರ ಹತ್ತುವ ಮುನ್ನ ಗಂಟಿನ ಎಳೆಗಳ ಮೇಲೆ ಬೆರಳಾಡಿಸಿ ನೋಡುತ್ತಾನೆ. ಗಡುಸಾದ ಹೊಳಪು ತಗುಲಿದರೆ ಆ ಹಗ್ಗವನ್ನು ಬಿಸುಟು ಬೇರೊಂದನ್ನು ಕಟ್ಟಿಕೊಳ್ಳುತ್ತಾನೆ.